ತುಕ್ಕು ಹಿಡಿಸುವ ಕೈ

ಫ್ಯಾಕ್ಟರಿ ಸೇರಿದ ಮೊದಲ ವಾರದಲ್ಲೇ ನನ್ನ ಕೈಯ ವಿಷಯ ಎಲ್ಲರಿಗೂ ಗೊತ್ತಾಯಿತು. ಹಿಂದಿನ ಸಂಜೆ ಅರದಿಂದ ಉಜ್ಜಿ ಹೊಳಪು ಬರಿಸಿದ್ದ ಉಕ್ಕಿನ ತುಂಡನ್ನು ಬೆಳಿಗ್ಗೆ ತೆಗೆದು ನೋಡಿದರೆ ಅದರ ಮೇಲೆ ಕಂದುಬಣ್ಣದ ಬೆರಳಚ್ಚುಗಳು. ಅಕ್ಕಪಕ್ಕದ ಹುಡುಗರ ತುಂಡುಗಳು ಇಟ್ಟಂತೆಯೇ ಬೆಳ್ಳಗಿದ್ದವು. ಕೆಲವರ ಬೆವರಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಅಳತೆಯ ಉಪಕರಣ ಮಾಡುವ ಟೂಲ್ ರೂಮಿನಲ್ಲಿ ದುಡಿದವರಿಗೆಲ್ಲ ಇದು ಗೊತ್ತು, ನನಗೆ ಗೊತ್ತಿರಲಿಲ್ಲ.

ನಮ್ಮದು ನೀರೆತ್ತುವ ಪಂಪು ಮಾಡುವ ಕಂಪನಿ. ಮದರಾಸಿನ ಗಿಂಡಿಯ ಕೈಗಾರಿಕಾ ವಸಾಹತು ಆಗಿನ್ನೂ ಹೊಸದು. ಇಂಟರ್‌ಮೀಡಿಯೆಟ್ ಪಾಸಾದ ಕೆಲವು ಹುಡುಗರನ್ನು ಕಂಪನಿ ತೆಗೆದುಕೊಂಡು ಆರು ತಿಂಗಳು ಕೆಲಸ ಕಲಿಸಿ, ಆರು ತಿಂಗಳು ತನ್ನ ಖರ್ಚಿನಲ್ಲೇ ಇಂಜಿನಿಯರಿಂಗ್ ಕಾಲೇಜಿಗೆ ಕಳಿಸುತ್ತಿತ್ತು. ಹೀಗೆ ಸರದಿಯಲ್ಲಿ ನಡೆದು ಕೊನೆಗೆ ಡಿಗ್ರಿ. ಷರತ್ತು ಒಂದೇ. ಕಾಲೇಜಿಗೆ ಹೊರಡುವ ಮೊದಲು ಟೂಲ್ ರೂಮಿನ ಫೋರ್‌ಮನ್ ಇಡುವ ಪರೀಕ್ಷೆಯಲ್ಲಿ ಪಾಸಾಗಬೇಕು. ಆಗದಿದ್ದರೆ ಕಾಲೇಜಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ಬೇರೆ ದಾರಿಯಿಂದ ಇಂಜಿನಿಯರ್ ಮಾಡುವ ಶಕ್ತಿ ಯಾರಿಗೂ ಇರಲಿಲ್ಲ.

ನಾನಿದ್ದದ್ದು ಮಾಂಬಳದಲ್ಲಿ, ಸೋದರಮಾವ ಅಡುಗೆಗಿದ್ದ ಹೋಟೆಲಿನ ಮಹಡಿಯ ಮೇಲೆ. ಮಾವ ಕುಂದಾಪುರದ ಕಡೆಯವರು. ಹತ್ತು ವರ್ಷ ಮದರಾಸಿನಲ್ಲಿದ್ದರೂ ಊರಿನ ಮಾತು ಬಿಟ್ಟಿರಲಿಲ್ಲ.

"ಕೈ ಕಾಂಬ," ಎಂದು ನನ್ನ ಅಂಗೈ ತಿರುಗಿಸಿ ನೋಡಿದರು. "ಇದ್ ಉಷ್ಣ ಮಾರಾಯಾ. ನಮ್ಮ ಅಬ್ಬಿದೂ ಹೀಂಗೇ ಇದ್ದಿತ್. ಅವ್ಳ್ ಮುಟ್ರೆ ಉಪ್ಪಿನಕಾಯಿ ಭರಣಿಗೆ ಬೂಷ್ಟ್ ಬತ್ತಿತ್."

ಅಬ್ಬಿ ಎಂದರೆ ಮಾವನ ತಾಯಿ, ನನ್ನ ಅಜ್ಜಿ. ಮಿಡಿ ಉಪ್ಪಿನಕಾಯಿ ಹಾಕುವ ದಿನ ಆಕೆಯನ್ನು ಭರಣಿಯ ಹತ್ತಿರ ಬಿಡುತ್ತಿರಲಿಲ್ಲವಂತೆ. ಹೋಟೆಲಿನಲ್ಲಿ ಮಾವನೂ ಅದೇ ಕ್ರಮ ಇಟ್ಟುಕೊಂಡಿದ್ದರು. ಉಪ್ಪಿನಕಾಯಿ ತೆಗೆಯುವ ಕೈ ಯಾವುದು ಎಂದು ಮೊದಲೇ ಗೊತ್ತುಮಾಡಿರುತ್ತಿದ್ದರು.

"ಅದು ಉಪ್ಪಿನಕಾಯಿ ಮಾವ, ಇದು ಕಬ್ಬಿಣ," ಎಂದೆ.

"ಕಬ್ಬಿಣಕ್ಕೆ ಅಂತ ಬೇರೆ ಕೈ ಇತ್ತಾ ನಿಂಗೆ?"

ಮಾವನ ಮದ್ದು ಮಜ್ಜಿಗೆ. ಉಷ್ಣ ಇಳಿಯಲು ದಿನವೂ ಎರಡು ಹೊತ್ತು ಮಜ್ಜಿಗೆಯ ಪಾತ್ರೆಯಲ್ಲಿ ಕೈ ಅದ್ದಿ ಕೂರಬೇಕು. ಹುಳಿ ಕಬ್ಬಿಣವನ್ನು ತಿನ್ನುತ್ತದೆ ಎಂದು ನಾನು ರಸಾಯನಶಾಸ್ತ್ರದಲ್ಲಿ ಓದಿದ್ದೆ. ಆದರೆ ಮಾವನ ಅನ್ನ ಉಣ್ಣುತ್ತ ಮಾವನ ಮದ್ದು ಬೇಡ ಎನ್ನುವ ರೂಢಿ ನಮ್ಮಲ್ಲಿರಲಿಲ್ಲ. ಸೋಪು ಹಾಕಿ ತೊಳೆದರೆ ಹುಳಿ ಹೋಗುತ್ತದೆ ಎಂದುಕೊಂಡು ಕೂತೆ. ಬಡಿಸುವವರಿಗೆಲ್ಲ ಅದೊಂದು ತಮಾಷೆಯಾಯಿತು.

"ಇಂಜಿನಿಯರ್ ಸಾಹೇಬ್ರಿಗೆ ಇನ್ನೊಂದ್ ಚೊಂಬ್ ಮಜ್ಜಿಗೆ ತನ್ನಿ, ಕೈಗೆ ಬಾಯಾರ್ಕಿ ಅಂಬ್ರ್!"

ಫ್ಯಾಕ್ಟರಿಯಲ್ಲಿ ನನ್ನ ಹೆಸರು ಉಪ್ಪಳಂ. ಉಪ್ಪಳಂ ಎಂದರೆ ತಮಿಳಿನಲ್ಲಿ ಉಪ್ಪು ಬೆಳೆಯುವ ಗದ್ದೆ. ನಾನು ಒಳಗೆ ಕಾಲಿಟ್ಟರೆ "ಉಪ್ಪಳಂ ವರುದು, ವಳಿ ವಿಡು!" ಎಂದು ಯಾರಾದರೂ ದಾರಿ ಬಿಡಿಸುತ್ತಿದ್ದರು. ನಾನು ನನ್ನದೇ ಒಂದು ಕ್ರಮ ಹಿಡಿದೆ. ಸೈರನ್ನಿಗೆ ಮುಂಚೆ ಬರುವುದು, ಕೈ ತೊಳೆಯುವುದು, ಒಣಬಟ್ಟೆಯಲ್ಲಿ ಒರೆಸುವುದು, ಕೆಲಸಕ್ಕೆ ನಿಲ್ಲುವುದು. ಗಂಟೆಗೊಮ್ಮೆ ಮತ್ತೆ ತೊಳೆಯುವುದು. ಕ್ರಮ ತಪ್ಪದಿದ್ದರೆ ಕೈ ದಾರಿಗೆ ಬರುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೆ. ಒಂದೊಂದು ವಾರ ಕಲೆ ಕಡಿಮೆಯಾದಂತೆಯೂ ಕಾಣುತ್ತಿತ್ತು.

ಪರೀಕ್ಷೆಯ ಕೆಲಸ ಹೇಳಲು ಸುಲಭ. ಒಂದು ಉಕ್ಕಿನ ಹಲಗೆಯಲ್ಲಿ ಚೌಕ ತೂತು, ಆ ತೂತಿಗೆ ಕೂರುವ ಚೌಕ ಗಟ್ಟಿ. ಯಾವ ಕಡೆ ತಿರುಗಿಸಿ ಇಟ್ಟರೂ ಗಟ್ಟಿ ಹೆಬ್ಬೆರಳ ಒತ್ತಿಗೆ ಜಾರಿ ಒಳಹೋಗಬೇಕು. ಬೆಳಕಿಗೆ ಹಿಡಿದರೆ ಸಂದಿನಲ್ಲಿ ಗೆರೆ ಕಾಣಬಾರದು. ಎಣ್ಣೆ ಮುಟ್ಟಿಸುವಂತಿಲ್ಲ, ಏಕೆಂದರೆ ಎಣ್ಣೆ ಸಂದು ತುಂಬಿ ತಪ್ಪನ್ನು ಮುಚ್ಚುತ್ತದೆ. ಶನಿವಾರ ಮುಗಿಸಿದ್ದನ್ನು ಹಾಗೆಯೇ ಬಿಟ್ಟು, ಕೈಯ ಬಿಸಿ ಪೂರ್ತಿ ಆರಿದ ಮೇಲೆ ಸೋಮವಾರ ಬೆಳಿಗ್ಗೆ ಪರೀಕ್ಷಿಸುವುದು ಫೋರ್‌ಮನ್ನರ ಪದ್ಧತಿ. ಅವರು ವಯಸ್ಸಾದ ತಮಿಳರು, ಯಾರ ಮೇಲೂ ದನಿ ಎತ್ತಿದವರಲ್ಲ.

ಶನಿವಾರ ಅವರೇ ಬಂದು ನನ್ನ ಗಟ್ಟಿಯನ್ನು ನಾಲ್ಕೂ ಕಡೆ ತಿರುಗಿಸಿ ಹಾಕಿ ನೋಡಿದರು. ರೇಷ್ಮೆಯಂತೆ ಇಳಿಯಿತು. "ನಲ್ಲಾ ಇರುಕ್ಕು ತಂಬಿ," ಎಂದು ಮೆಚ್ಚಿ ಕಿಟಕಿಯ ಬಳಿ ಇಟ್ಟು ಹೋದರು. ಹೊರಗೆ ಮಳೆ ಶುರುವಾಗಿತ್ತು. ಮದರಾಸಿನ ಮಳೆಗಾಲದಲ್ಲಿ ಗೋಡೆಗಳೂ ಬೆವರುತ್ತವೆ.

ನಮ್ಮ ತಂಡದಲ್ಲಿ ಕನ್ನಡದವರು ನಾನು ಮತ್ತು ಇನ್ನೊಬ್ಬ, ಇಬ್ಬರೇ. ಅವನ ತಂದೆ ಪೆರಂಬೂರಿನಲ್ಲಿ ರೈಲ್ವೆ ನೌಕರಿಯಲ್ಲಿದ್ದರು, ಮೂಲ ಮೈಸೂರು. ಗೇಟಿನ ಹತ್ತಿರ ಕೊಡೆಯಡಿ ನಿಂತು ಪಿಸುಗುಟ್ಟಿದ:

"ಲೋ, ಒಳಗೆ ಹೋಗಿ ನಿನ್ನ ಗಟ್ಟಿಗೆ ಒಂದ್ ಚೂರು ವ್ಯಾಸಲೀನ್ ಸವರಿ ಬರ್ತೀನಿ ಕಣೋ. ಸೋಮವಾರ ಮೊದಲೇ ಬಂದು ಒರೆಸಿಬಿಡೋಣ."

"ಬೇಡ. ಅವರು ಬಿಳಿ ಕಾಗದ ಉಜ್ಜಿ ನೋಡ್ತಾರೆ. ಜಿಡ್ಡು ಸಿಕ್ಕರೆ ನಿಂದೂ ಹೋಗ್ತದೆ."

"ನಂದು ಹೋಗಲ್ಲ ಬಿಡೋ, ನಂದು ರೈಲ್ವೆ ಕೈ. ಏನೂ ಹತ್ತಲ್ಲ."

ನಗುತ್ತ ಹೇಳಿದರೂ ನಾನು ಹೂಂ ಎಂದಿದ್ದರೆ ಹೋಗಿಯೇ ಹೋಗುತ್ತಿದ್ದ. ನಾನು ಅವನ ತೋಳು ಹಿಡಿದು ಸ್ಟೇಷನ್ನಿನ ಕಡೆ ನಡೆಸಿದೆ.

ಭಾನುವಾರ ಮಳೆ ಬಿಡಲಿಲ್ಲ. ಬಟ್ಟೆ ಒಗೆದೆ, ಕಾಲೇಜಿಗೆಂದು ಗಣಿತದ ಪುಸ್ತಕ ತೆಗೆದು ಕೂತೆ. ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ.

ಸೋಮವಾರ ಫೋರ್‌ಮನ್ ಎಲ್ಲರದ್ದನ್ನೂ ನೋಡಿ ನನ್ನದನ್ನು ಕೊನೆಗೆ ಕೈಗೆತ್ತಿಕೊಂಡರು. ಗಟ್ಟಿಯ ನೆತ್ತಿಯ ಮೇಲೆ ಹೆಬ್ಬೆರಳಿನ ಗುರುತು ಗೆರೆಗೆರೆಯಾಗಿ ಮೂಡಿತ್ತು. ಎರಡು ಪಕ್ಕಗಳಲ್ಲೂ ಬೆರಳುಗಳು. ಹಲಗೆಯ ತೂತಿನ ಅಂಚಿಗೂ ಕೆಂಪು ಕೂತಿತ್ತು. ಅವರು ಒತ್ತಿದರು. ಅರ್ಧ ಇಳಿದು ನಿಂತಿತು. ಹೊರತೆಗೆದು ತಿರುಗಿಸಿ ಒತ್ತಿದರು. ಬಾಯಲ್ಲೇ ಸಿಕ್ಕಿಕೊಂಡಿತು. ಉಳಿದವರು ತಮ್ಮ ತಮ್ಮ ಕೆಲಸದ ಮೇಲೆ ಬಗ್ಗಿದರು. ಆ ಹೊತ್ತಿನಲ್ಲಿ ಯಾರೂ ಉಪ್ಪಳಂ ಎನ್ನಲಿಲ್ಲ.

"ಉನ್ ತಪ್ಪು ಇಲ್ಲೆ ತಂಬಿ," ಎಂದರು ಫೋರ್‌ಮನ್. "ಆನಾ ಕೈಯ ಮಾತ್ತ ಮುಡಿಯುಮಾ?" ತಪ್ಪು ನಿನ್ನದಲ್ಲ, ಆದರೆ ಕೈ ಬದಲಾಯಿಸಲು ಆಗುತ್ತದೆಯೇ ಎಂದು ಕೇಳಿದ್ದು.

ಗವಸು ಹಾಕಿಕೊಂಡು ಮಾಡುತ್ತೇನೆ ಎಂದೆ, ನನ್ನ ಹರುಕು ತಮಿಳಿನಲ್ಲಿ. ಗವಸು ಹಾಕಿದರೆ ಕೂದಲೆಳೆಯಷ್ಟು ಉಬ್ಬು ಬೆರಳಿಗೆ ಹೇಗೆ ತಿಳಿಯುತ್ತದೆ ಎಂದು ಅವರು ಸಮಾಧಾನದಿಂದಲೇ ಕೇಳಿದರು. ಇಲ್ಲಿ ತಯಾರಾಗುವುದು ಅಳತೆಯ ಗೇಜುಗಳು. ನಾನು ಮುಟ್ಟಿದ್ದೆಲ್ಲ ಹೀಗಾದರೆ ಪಂಪಿನ ಅಳತೆಯೇ ಕೆಡುತ್ತದೆ. ಅವರು ಹೇಳಿದ್ದು ನಿಜ. ಮಧ್ಯಾಹ್ನದೊಳಗೆ ಮ್ಯಾನೇಜರರ ತೀರ್ಮಾನ ಬಂತು. ಅದನ್ನು ತಿಳಿಸಿದವರೂ ಫೋರ್‌ಮನ್ನರೇ.

"ಫೌಂಡ್ರಿಲೆ ವೇಲೆ ಇರುಕ್ಕು. ಪೋರಿಯಾ?"

"ಕಾಲೇಜ್ ಸಾರ್?"

"ಅದು ಟೂಲ್ ರೂಮುಕ್ಕು ಮಟ್ಟುಂ."

ಟೂಲ್ ರೂಮಿನವರಿಗೆ ಮಾತ್ರ. ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೆಲಸವಿದೆ, ಹೋಗುತ್ತೀಯಾ ಎಂದು ಅವರು ಕೇಳಿದ್ದಕ್ಕೆ ಹೋಗುತ್ತೇನೆ ಎಂದೆ. ಊರಿಗೆ ಮರಳಿ ಮಾಡುವುದೇನೂ ಇರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಮಾವ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದರು. ವಿಷಯ ಕೇಳಿದ ಮೇಲೂ ಸೌಟು ಆಡಿಸುತ್ತಲೇ ಇದ್ದರು. ಆಮೇಲೆ, "ಇನ್ನೊಂದ್ ಸಲ ಪರೀಕ್ಷೆ ಕೊಡ್ತ್ರಾ?" ಎಂದರು.

"ಇಲ್ಲ ಮಾವ."

ಒಲೆಯಿಂದ ಪಾತ್ರೆ ಇಳಿಸಿದರು. ಕೈ ಒರೆಸಿಕೊಂಡು ನನ್ನ ಬಲಗೈಯನ್ನು ಹಿಡಿದು ಮೂಸಿ ನೋಡಿದರು.

"ಮಜ್ಜಿಗೆಯಿಂದ ಆಯ್ತಾ?"

"ಅಲ್ಲ," ಎಂದೆ. ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಊರಿಗೆ ನೀನ್ ಬರೀಬೇಡ. ನಾನ್ ಹೇಳ್ತೆ," ಎಂದು ಬೆನ್ನು ತಿರುಗಿಸಿ ಮತ್ತೊಂದು ಪಾತ್ರೆ ಒಲೆಯ ಮೇಲಿಟ್ಟರು.

ಉಳಿದವರು ಕಾಲೇಜಿಗೆ ಹೋದರು. ನನಗೆ ಫೌಂಡ್ರಿಯಲ್ಲಿ ಒಂದು ಉಳಿ, ಒಂದು ತಂತಿಯ ಬ್ರಷ್ಷು ಕೊಟ್ಟರು. ಆರಿದ ಎರಕಕ್ಕೆ ಅಂಟಿದ ಮರಳು ಕೆರೆಯುವುದು, ಅಂಚು ಒಡೆಯುವುದು. ಸಂಜೆಯ ಹೊತ್ತಿಗೆ ಮೂಗಿನೊಳಗೂ ಕರಿ ಮರಳು. ಮೊದಲ ವರ್ಷ ರಾತ್ರಿ ಮಲಗಿದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಕೆಲಸ ತಪ್ಪಿಸಲಿಲ್ಲ.

ರೈಲ್ವೆಯವರ ಮಗ ಕಾಲೇಜಿನಿಂದ ಬಂದಾಗಲೆಲ್ಲ ಮೊದಮೊದಲು ಫೌಂಡ್ರಿಯ ಬಾಗಿಲಲ್ಲಿ ನಿಂತು ಕೂಗಿ ಮಾತಾಡಿಸುತ್ತಿದ್ದ. ಬರಬರುತ್ತ ಕಡಿಮೆಯಾಯಿತು. ಡಿಗ್ರಿ ಮುಗಿಸಿ ಇಂಜಿನಿಯರಾದ ಮೇಲೆ ಒಂದು ದಿನ ಮ್ಯಾನೇಜರರ ಜೊತೆ ಎರಕಗಳನ್ನು ನೋಡಲು ಬಂದ. ನಾನು ಕೆರೆಯುತ್ತಿದ್ದ ಎರಕದ ಮುಂದೆ ನಿಂತು, ಇದು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ತಮಿಳಿನಲ್ಲಿ ಕೇಳಿದ. ಮ್ಯಾನೇಜರರಿಗೆ ತಿಳಿಯಲಿ ಎಂದು ಇರಬಹುದು.

"ಸಾಯಂಕಾಲಂ ಆಯಿಡುಂ ಸಾರ್," ಸಂಜೆಗೆ ಮುಗಿಯುತ್ತದೆ ಎಂದು ನಾನೂ ತಮಿಳಿನಲ್ಲೇ ಹೇಳಿದೆ.

ಅವನು ತಲೆಯಾಡಿಸಿ ಮುಂದಿನ ಸಾಲಿಗೆ ಹೋದ. ಅಲ್ಲಿಂದಾಚೆ ನಾವಿಬ್ಬರೂ ಕನ್ನಡ ಮಾತಾಡಿದ್ದು ನನಗೆ ನೆನಪಿಲ್ಲ.