ಕೈ ಬೇಕಾದರೆ ಮುಖವೂ ಇರಬೇಕು

ನನ್ನ ಸೊಸೆ ಕರಾಟೆ ಕಲಿಸುವವಳು. ನಾವಿರುವುದು ತಿರುವನಂತಪುರದ ಪಟ್ಟಂನಲ್ಲಿ, ಅವಳ ಕೆಲಸ ಕೊಚ್ಚಿಯ ಒಂದು ವಿಶ್ವವಿದ್ಯಾಲಯದಲ್ಲಿ. ವಾರಕ್ಕೆರಡು ದಿನ ಹೋಗುತ್ತಾಳೆ. ಉಳಿದ ದಿನ ಹುಡುಗಿಯರ ಅಭ್ಯಾಸಕ್ಕೆಂದು ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ವಿಡಿಯೋ ಮಾಡಿ ಕಳಿಸುತ್ತಾಳೆ. ಎದುರಿಗೆ ಒಬ್ಬರು ಬೇಕಲ್ಲ? ಮಗ ಬೆಳಗ್ಗೆಯೇ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರಕ್ಕೆ ಡ್ಯೂಟಿಗೆ ಹೋಗಿರುತ್ತಾನೆ. ಉಳಿದವಳು ನಾನು.

"ಅತ್ತೆ, ನನ್ನ ಮಣಿಕಟ್ಟು ಹಿಡೀರಿ. ಹಿಡಿದ ಹಾಗೆ ಮಾಡಿದ್ರೆ ಸಾಕು."

ಹಿಡಿದ ಹಾಗೆ ಮಾಡುವುದು ನನಗೆ ಬರುವುದಿಲ್ಲ. ಗಟ್ಟಿಯಾಗಿಯೇ ಹಿಡಿದೆ. "ಬಿಡಿಸಿಕೊ ನೋಡುವಾ!" ಎಂದೆ. ಮೊದಲು ಅವಳಿಗೆ ಆಗಲಿಲ್ಲ. ಆಮೇಲೆ ನನ್ನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದುಕೊಂಡಳು. ಆಗದ್ದು, ಆದದ್ದು ಎರಡನ್ನೂ ಹಾಗೇ ಕಳಿಸಿದಳು. ಹುಡುಗಿಯರು ಅದನ್ನು ನಿಧಾನ ಮಾಡಿ, ನಿಲ್ಲಿಸಿ ನೋಡುತ್ತಾರೆ. ಅಲ್ಲಿ ಹಾಲ್‌ನಲ್ಲಿ ಕಲಿಯುವಾಗ ಹಿಂದೆ ನಿಂತವರಿಗೆ ಟೀಚರ ಬೆನ್ನು ಮಾತ್ರ ಕಾಣುತ್ತಿತ್ತಂತೆ.

ಮಗನಿಗೆ ನಾಚಿಕೆ. "ಈ ಪ್ರಾಯದಲ್ಲಿ ನಿನಗೆಂತಕ್ಕಮ್ಮ ಫೈಟಿಂಗು? ನಮ್ಮ ಆಫೀಸಿನವರು ನೋಡಿದ್ರೆ?"

"ನೋಡಲಿ. ನಿಮ್ಮ ರಾಕೆಟ್ಟನ್ನು ಊರೆಲ್ಲ ನೋಡುವುದಿಲ್ವಾ?"

ಈ ಪಾಠಗಳನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಹಾಕಲು ಒಬ್ಬ ಅಧಿಕಾರಿ ಒಪ್ಪಬೇಕಿತ್ತು. ಒಪ್ಪಿದರೆ ಸೊಸೆಗೆ ಮುಂದಿನ ವರ್ಷವೂ ಕೆಲಸ. ಅವನು ಕರೆದಾಗ ನಾನೂ ಹೊರಟೆ. ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸಿಳಿದು ಆಟೋ ಹಿಡಿದೆವು.

ಅಧಿಕಾರಿ ಇಂಗ್ಲಿಷಿನಲ್ಲಿ ಮಾತಾಡಿದ. ನಾನು ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು. ಸೊಸೆ ಮೆಲ್ಲಗೆ ಹೇಳಿದಳು: "ವಿಡಿಯೋದಲ್ಲಿ ಕೈ ಇರಲಿ, ನಿಮ್ಮ ಮುಖ ಮಸುಕು ಮಾಡ್ಬೇಕಂತೆ ಅತ್ತೆ. ದನಿ ತೆಗೀಬೇಕಂತೆ. ನೋಡಿದವ್ರು ನಗ್ತಾರಂತೆ. ಆಯ್ತು ಅನ್ನುವಾ?"

"ನೀನು ಸುಮ್ಮನಿರು ಮಾರಾಯ್ತಿ."

ನನ್ನ ಅರೆಬರೆ ಮಲಯಾಳದಲ್ಲಿ ನಾನೇ ಹೇಳಿದೆ: "ಸಾರೇ, ಮುಖ ಮಸುಕು ಮಾಡುವುದು ಕಳ್ಳರಿಗೆ. ನಾನೆಂತ ಕದ್ದಿದ್ದೇನೆ? ಕೈ ಬೇಕಾದರೆ ಮುಖವೂ ಇರಬೇಕು. ಇಲ್ಲದಿದ್ದರೆ ಎರಡೂ ಬೇಡ."

"ಅಮ್ಮಚ್ಚಿ, ಮಕ್ಕಳು ತಮಾಷೆ ಮಾಡ್ತಾರೆ."

"ಮಾಡಲಿ. ಬನ್ನಿ, ಹುಡುಗಿಯರು ನಗುತ್ತಾರಾ ಹೋಗಿ ನೋಡುವ."

ಅವನೂ ಹಾಲ್‌ಗೆ ಬಂದ. ಹುಡುಗಿಯರು ಜೋಡಿಯಾಗಿ ನಿಂತಿದ್ದರು. ಒಬ್ಬಳು ಗೆಳತಿಯ ಮಣಿಕಟ್ಟು ಹಿಡಿದು ಮಲಯಾಳದ ನಾಲಗೆಯಲ್ಲಿ ನನ್ನ ಕನ್ನಡವನ್ನೇ ಕೂಗಿದಳು: "ಬಿಡಿಸಿಕೊ ನೋಡುವಾ!" ಪಕ್ಕದವಳೂ ಕೂಗಿದಳು. ಯಾರೂ ನಗಲಿಲ್ಲ. ಹಿಡಿತ ಬಿಡಿಸಿಕೊಳ್ಳುವುದರಲ್ಲೇ ಇದ್ದರು.

ಸೊಸೆ ಅವನ ಕಡೆ ತಿರುಗಿದಳು. "ಮುಖ ಇರುತ್ತೆ ಸರ್. ದನಿಯೂ ಇರುತ್ತೆ."

ಯೋಚಿಸಿ ಹೇಳುತ್ತೇನೆ ಎಂದು ಅವನು ಹೋದ. ಇನ್ನೂ ಯೋಚಿಸುತ್ತಿದ್ದಾನೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಸೊಸೆ ಪಾಠ ನಿಲ್ಲಿಸಿಲ್ಲ, ಹುಡುಗಿಯರು ಫೋನಿನಿಂದ ಫೋನಿಗೆ ಅದನ್ನು ದಾಟಿಸುತ್ತಿದ್ದಾರೆ.

ನಾಳೆ ಹಿಂದಿನಿಂದ ಜುಟ್ಟು ಹಿಡಿದರೆ ಬಿಡಿಸಿಕೊಳ್ಳುವ ಪಾಠ, ಹಿಡಿಯುವವಳು ನಾನೇ. ತಲೆ ಬಾಚಿ, ಕನ್ನಡಕ ಒರೆಸಿ ನಿಲ್ಲುತ್ತೇನೆ. ಮುಖ ಸರಿಯಾಗಿ ಕಾಣಬೇಕು.