ಕಂಪ್ಯೂಟರಿನ ಹಣೆಯ ವಿಭೂತಿ

‘ಈ ಕಂಪ್ಯೂಟರ್ ಅರ್ಹವಲ್ಲ.’

ಹೀಗೆಂದು ನನಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಅದೇ ಕಂಪ್ಯೂಟರ್. ತನ್ನ ಬಗ್ಗೆ ತಾನೇ ಇಷ್ಟು ವಿನಯದಿಂದ ಮಾತಾಡುವವರನ್ನು ನಾನು ಮುದ್ದೇಬಿಹಾಳದಲ್ಲಿ ನೋಡಿದ್ದು ಅದೇ ಮೊದಲು. (ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

ನಮ್ಮ ಮನೆಯ ಡೆಸ್ಕ್‌ಟಾಪ್ ಹಳೆಯದು. ಎಷ್ಟು ಹಳೆಯದೆಂದರೆ, ಅದರ ಫ್ಯಾನಿನ ಸದ್ದು ಕೇಳಿ ಪಕ್ಕದ ಮನೆಯವರು ಗಿರಣಿ ಶುರುವಾಯಿತು ಅಂದುಕೊಳ್ಳುತ್ತಾರೆ. ಒಳಗಿನ ಆಪರೇಟಿಂಗ್ ಸಿಸ್ಟಮ್ ಅನ್ನು ಕಂಪನಿಯವರು ಎಂದೋ ಕೈಬಿಟ್ಟಿದ್ದರು. ಹೊಸ ವೆಬ್‌ಸೈಟುಗಳು ತೆರೆಯುತ್ತಿರಲಿಲ್ಲ. ಹೊಸ ಸಿಸ್ಟಮ್ ಹಾಕೋಣವೆಂದರೆ ಅದು ಇಂಥ ಮುದಿ ಯಂತ್ರದೊಳಗೆ ಕಾಲಿಡಲು ಒಲ್ಲೆ ಅನ್ನುತ್ತಿತ್ತು.

ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಬಿಡುವಂತಿರಲಿಲ್ಲ. ಕಾರಣ, ನನ್ನ ಹೆಂಡತಿ ಶೈಲಾ.

ಶೈಲಾ ಬಸವನ ಬಾಗೇವಾಡಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಟಪಾಲು ವಿಭಾಗದಲ್ಲಿ ಇಷ್ಟು ವರ್ಷ ಪೆನ್ನು ಹಿಡಿದೇ ಬದುಕಿದವಳು. ಈಗ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗದಿದ್ದರೆ ಬಡ್ತಿ ಇಲ್ಲ. ಹೋದ ಸಲ ಪರೀಕ್ಷೆಗೆ ಕೂತಾಗ ಮೌಸ್ ಹಿಡಿದ ಕೈ ನಡುಗಿ, ಫೇಲಾಗಿ ಬಂದಿದ್ದಳು. ‘ಗೊತ್ತಿದ್ದದ್ದೂ ಮರತ್ ಹೋತ್ರಿ’ ಎಂದು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದು ನನಗೆ ಇನ್ನೂ ನೆನಪಿದೆ. ಅವಳ ನಂತರ ಕೆಲಸಕ್ಕೆ ಸೇರಿದವರು ಬಡ್ತಿ ಪಡೆದು ಅವಳಿಗೇ ಫೈಲು ಕಳಿಸತೊಡಗಿದ್ದರು.

ಮತ್ತೆ ಪರೀಕ್ಷೆ ಹತ್ತಿರ ಬಂತು. ಅಭ್ಯಾಸ ಪರೀಕ್ಷೆಗಳೆಲ್ಲ ಆನ್‌ಲೈನ್. ಆ ವೆಬ್‌ಸೈಟು ನಮ್ಮ ಡೆಸ್ಕ್‌ಟಾಪಿನಲ್ಲಿ ತೆರೆಯದು. ಮೊಬೈಲಿನಲ್ಲಿ ಓದಬಹುದು, ನಿಜ. ಆದರೆ ನಡುಗುವ ಕೈಗೆ ಮೌಸಿನ ರೂಢಿ ಎಲ್ಲಿಂದ ಬರಬೇಕು?

ಸಿಂದಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅವಳ ತಮ್ಮ ಬಸವರಾಜನಿಗೆ ಫೋನ್ ಮಾಡಿದೆ.

‘ಮಾವಾರ, ಅದನ್ನ ಗುಜರಿಗೆ ಹಾಕ್ರಿ. ಹೊಸಾದು ಕಳಸ್ತೇನಿ’ ಎಂದ.

‘ಇದಕ್ಕ ಹೊಸ ಸಿಸ್ಟಮ್ ಹಾಕಾಕ ಬರೂದಿಲ್ಲೇನು?’

‘ಸಪೋರ್ಟ್ ಮಾಡೂದಿಲ್ರಿ. ಸುಮ್ನ ಟೈಮ್ ವೇಸ್ಟ್.’

ಹೊಸದು ತರಲು ಏನು ಧಾಡಿ ಎಂದು ನೀವು ಕೇಳಬಹುದು. ಶೈಲಾ ಒಪ್ಪಲಿಲ್ಲ. ‘ಹೊಸಾದರ ಮುಂದ ಕುಂತ್ರ ಮತ್ತ ಕೈ ನಡಗ್ತಾವ್ರಿ. ಇದಾದ್ರ ಮನೀದು’ ಎಂದಳು. ಇತ್ತ ನನಗೂ ಹಟ ಹತ್ತಿತು. ಆಗುವುದಿಲ್ಲ ಎಂದು ಅಂಗಡಿಯವನೇ ಹೇಳಿದ ಮೇಲೆ ಮಾಡಿ ತೋರಿಸದೆ ಬಿಡುವುದು ಹೇಗೆ? ಅದರಲ್ಲೂ ಹೆಂಡತಿಯ ತಮ್ಮ.

ಯೂಟ್ಯೂಬ್ ನೋಡಿದೆ. ಯಂತ್ರದ ಅರ್ಹತೆ ಕೇಳುವ ಹಂತವನ್ನೇ ದಾಟಿಸಿ ಹೊಸ ಸಿಸ್ಟಮ್ ಅನ್ನು ಒಳಗೆ ಬಿಡುವ ಉಪಾಯ ಇದೆಯಂತೆ. (ಟೋಲ್ ನಾಕಾ ತಪ್ಪಿಸಿ ಹೊಲದ ದಾರಿಯಲ್ಲಿ ಕಾರು ಹೊಡೆದವರಿಗೆ ಬಿಡಿಸಿ ಹೇಳಬೇಕಿಲ್ಲ.) ಕಾಲೇಜಿನ ಲ್ಯಾಬಿನಲ್ಲಿ ಕೂತು ಅದಕ್ಕೆ ಬೇಕಾದ ಪೆನ್‌ಡ್ರೈವ್ ತಯಾರು ಮಾಡಿಕೊಂಡೆ. ಹಳೆಯ ಫೋಟೋಗಳನ್ನೆಲ್ಲ ಸಿಡಿಗೆ ಹಾಕಿ ಎತ್ತಿಟ್ಟೆ.

ಭಾನುವಾರ ನಾಷ್ಟಾ ಮುಗಿಸಿ ಪೆನ್‌ಡ್ರೈವ್ ಸಿಕ್ಕಿಸಿದೆ. ಏನೂ ಆಗಲಿಲ್ಲ. ತೆಗೆದು ಊದಿ ಮತ್ತೆ ಸಿಕ್ಕಿಸಿದೆ. ಊಹೂಂ. ಕಂಪ್ಯೂಟರಿಗೆ ಅದು ಕಾಣಿಸುತ್ತಲೇ ಇಲ್ಲ. ಹಿಂಬದಿಯ ಎರಡು ತೂತುಗಳಲ್ಲಿ ಕೀಬೋರ್ಡ್, ಮೌಸ್ ಇದ್ದವು, ಎರಡೂ ಬೇಕು. ಅಲ್ಲಿ ಉಳಿದವು ಕೆಟ್ಟಿದ್ದವು. ಮುಂದಿನ ಒಂದೇ ತೂತು ಗತಿ. ಯಾವ್ಯಾವುದೋ ಸೆಟ್ಟಿಂಗ್ ಬದಲಿಸಿದೆ. ಯೂಟ್ಯೂಬಿನವನಿಗೂ ಬೈದೆ. ಮಧ್ಯಾಹ್ನದ ಹೊತ್ತಿಗೆ ಬಸವರಾಜನಿಗೆ ಫೋನ್ ಮಾಡಿ ಸೋತೆ ಎನ್ನುವುದೊಂದೇ ಬಾಕಿ ಇತ್ತು.

ಶೈಲಾ ಚಹಾ ತಂದಿಟ್ಟು ಬಗ್ಗಿ ನೋಡಿದಳು. ‘ಏನ್ರಿ, ಇದರಾಗ ಏನೋ ತುಂಬೈತಲ್ಲ?’

ತಾನೇ ಪ್ಲಗ್ ಕಿತ್ತಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ತೆಗೆದು ಆ ತೂತಿನೊಳಗೆ ಮೆಲ್ಲಗೆ ಕೆದರಿದಳು. ಬಿಳಿಯ ಹಕ್ಕಳೆ ಉದುರಿತು. ಹಿಂದೆಯೇ ಕೆಂಪು ಪುಡಿ. ಕೊನೆಗೆ ಒಣಗಿದ ಚೆಂಡುಹೂವಿನ ಒಂದು ಎಸಳು.

ಅರ್ಥವಾಯಿತಲ್ಲ? ಖಂಡೆ ಪೂಜೆ! ದಸರೆಯ ಆ ಆಯುಧ ಪೂಜೆಯ ದಿನ ನಮ್ಮ ಅವ್ವ ಮನೆಯ ಕೊಡಲಿ, ಕುಡುಗೋಲು, ಸ್ಕೂಟರ್ ಯಾವುದನ್ನೂ ಬಿಡುವುದಿಲ್ಲ. ಕಂಪ್ಯೂಟರಿಗೂ ಮೂರು ಬೆರಳಿನ ಹಸಿ ವಿಭೂತಿ, ನಡುವೆ ಕುಂಕುಮ, ಮೇಲೊಂದು ಹೂವು. ಅವ್ವನ ಲೆಕ್ಕದಲ್ಲಿ ಕಂಪ್ಯೂಟರಿನ ಹಣೆ ಎಂದರೆ ಪವರ್ ಬಟನ್ನಿನ ಕೆಳಗೆ, ಸರಿಯಾಗಿ ಆ ತೂತು ಇರುವ ಜಾಗ. ವರ್ಷವರ್ಷದ ಭಕ್ತಿ ಪದರು ಪದರಾಗಿ ಅಲ್ಲೇ ಗಟ್ಟಿಯಾಗಿತ್ತು.

‘ಅವ್ವಾ, ನಿನ್ನ ಪೂಜಿ ಏನ್ ಮಾಡೈತಿ ನೋಡಬಾ’ ಎಂದೆ.

ಅವ್ವ ಎದ್ದು ಬರಲೂ ಇಲ್ಲ. ‘ಪೂಜಿ ಮಾಡಿದ್ದಕ್ಕ ಅದು ಇಷ್ಟ ವರ್ಷ ಬಾಳಿಕಿ ಬಂದೈತಿ. ನಿನ್ನ ಹೊಸ ಫ್ರಿಜ್ಜಿಗೆ ಬ್ಯಾಡ ಅಂದಿ. ಏನಾತು ಅದು?’

ಫ್ರಿಜ್ಜು ಕೆಟ್ಟು ಮೂಲೆಯಲ್ಲಿ ನಿಂತಿದೆ.

ಪೆನ್‌ಡ್ರೈವ್ ಮತ್ತೆ ಸಿಕ್ಕಿಸಿದೆವು. ಅದರ ಪುಟ್ಟ ದೀಪ ಮಿನುಗಿತು! ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬಂತು. ನನ್ನ ಕೈ ಅಲ್ಲೇ ನಿಂತಿತು.

‘ಏನಂತೈತಿ?’ ಎಂದಳು ಶೈಲಾ.

‘ಈ ಮಷಿನ್ನಿಗೆ ನಮ್ಮ ಬೆಂಬಲ ಇಲ್ಲ, ಮುಂದ ಏನರ ಆದ್ರ ನೀವ ಜವಾಬ್ದಾರರು, ಒಪ್ಪಿಗಿ ಐತೇನು ಅಂತ ಕೇಳಾಕತ್ತೈತಿ.’

‘ನಮ್ಮ ಲಗ್ನದಾಗ ನಮ್ಮಪ್ಪನೂ ನನಗ ಹಿಂಗ ಹೇಳಿದ್ದ್ರಿ’ ಎಂದವಳೇ ನನ್ನ ಕೈಯಿಂದ ಮೌಸ್ ಕಸಿದುಕೊಂಡು ಒಪ್ಪಿಗೆ ಒತ್ತಿಬಿಟ್ಟಳು.

ಕೈ ನಡುಗಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಅವಳಿಗೆ ಅದರ ಮೇಲೆ ಗಮನವೇ ಇರಲಿಲ್ಲ.

ಸಂಜೆಯ ಹೊತ್ತಿಗೆ ಹೊಸ ಸಿಸ್ಟಮ್ ಹಳೆಯ ಡಬ್ಬಿಯಲ್ಲಿ ಬಂದು ಕೂತಿತು. ಆ ವೆಬ್‌ಸೈಟೂ ತೆರೆಯಿತು. ಸ್ವಲ್ಪ ನಿಧಾನ, ಇರಲಿ, ನಾವೇನು ರಾಕೆಟ್ ಹಾರಿಸಬೇಕಿತ್ತೇ? ಯುದ್ಧ ಗೆದ್ದವನಂತೆ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದೆ. ಪರದೆಯ ಫೋಟೋ ತೆಗೆದು ಬಸವರಾಜನಿಗೆ ಕಳಿಸಿದೆ. ಅವನು ಒಂದು ಹೆಬ್ಬೆರಳು ಕಳಿಸಿದ. ಅಷ್ಟು ಸಾಕಾಗಿತ್ತು ನನಗೆ.

ಅಂದಿನಿಂದ ಶೈಲಾ ದಿನಾ ಅದರ ಮುಂದೆ. ಕಚೇರಿಯಿಂದ ಬಂದು ಮುಖ ತೊಳೆದವಳು ಮೊದಲು ಕೂರುತ್ತಿದ್ದುದೇ ಅಲ್ಲಿ. ಅಭ್ಯಾಸ ಪರೀಕ್ಷೆಯಲ್ಲಿ ಮೊದಮೊದಲು ಫೇಲು. ಆಮೇಲೆ ಅಂಚಿನಲ್ಲಿ ಪಾಸು. ಕೊನೆಕೊನೆಗೆ ನಾನು ಪಕ್ಕದಲ್ಲಿ ನಿಂತು ಏನಾದರೂ ಹೇಳಹೋದರೆ ‘ಗೊತ್ತೈತಿ, ಆಕಡೆ ಸರೀರಿ’ ಎನ್ನುವ ಮಟ್ಟಕ್ಕೆ ಬಂದಳು. (ಪೆನ್‌ಡ್ರೈವ್ ನನ್ನದು ಎಂಬುದನ್ನು ಆಗಲೇ ಮನೆಯಲ್ಲಿ ಎಲ್ಲರೂ ಮರೆತಿದ್ದರು.)

ಹೋದ ವಾರ ಫಲಿತಾಂಶ ಬಂತು. ಬಸ್ಸಿನಿಂದಲೇ ಫೋನ್ ಮಾಡಿದಳು. ‘ಪಾಸಾಗೇನ್ರಿ’ ಎಂದಳು. ಇಷ್ಟು ವಯಸ್ಸಾದ ಮೇಲೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಕಣ್ಣು ಒರೆಸಿಕೊಂಡೆ, ನಾಚಿಕೆಯೇನೂ ಆಗಲಿಲ್ಲ.

ಮರುದಿನ ಅವಳು ಕಚೇರಿಗೆ ಪೇಢೆ ಒಯ್ದಳು. ಮೊದಲ ಪೇಢೆ ತಿಂದವರು ಅವಳ ಮೇಲಧಿಕಾರಿ. ಹೋದ ಸಲ ಇವಳು ಫೇಲಾದಾಗ ‘ನಿಮ್ಮಿಂದ ಆಗೂದಿಲ್ಲ ಬಿಡ್ರಿ’ ಎಂದು ಎಲ್ಲರ ಎದುರು ಅಂದಿದ್ದವರೂ ಅವರೇ. ಪೇಢೆ ತಿಂದು, ಕೈ ಒರೆಸಿಕೊಂಡು, ‘ಮೇಡಮ್, ಈ ಫೈಲ್ ಮೇಲ್‌ಗೆ ಹೆಂಗ ಹಚ್ಚೂದು, ಒಂಚೂರು ತೋರಸ್ರಿ’ ಎಂದರಂತೆ.

ಇವಳು ತೋರಿಸಿಕೊಟ್ಟು, ‘ಸರ್, ನೀವ್ ಈ ಪರೀಕ್ಷಾ ಯಾವಾಗ ಪಾಸ್ ಮಾಡಿದ್ರಿ?’ ಎಂದು ಕೇಳಿದಳು.

‘ನಮಗ ವಯಸ್ಸಿನ ಮ್ಯಾಲೆ ವಿನಾಯಿತಿ ಐತ್ರಿ’ ಎಂದರಂತೆ ಸಾಹೇಬರು.

‘ಆಗೂದಿಲ್ಲ’ ಎಂದು ಹೇಳುವವರಿಗೆಲ್ಲ ಪರೀಕ್ಷೆಯಿಂದ ವಿನಾಯಿತಿ ಇರುತ್ತದೆ, ಗಮನಿಸಿದ್ದೀರಾ?