ಗಂಡಿಯ ದಾರಿಯಲ್ಲಿ ಅಕ್ಕ ಮುಂದಿದ್ದಳು

ಅಕ್ಕನನ್ನು ನೋಡಲು ಬಂದವರು ಕಂಪ್ಲಿಯವರು. ಕಾಲುವೆ ನೀರು ಬಂದ ಮೇಲೆ ಅಕ್ಕಿ ಗಿರಣಿ ಹಾಕಿ ಮೇಲೆದ್ದ ಮನೆತನ. ಬುಕ್ಕಸಾಗರದ ನಮ್ಮ ಗದ್ದೆಯ ಭತ್ತವೂ ಅವರ ಗಿರಣಿಗೇ ಹೋಗುತ್ತಿತ್ತು. ಹುಡುಗ ಡಿಗ್ರಿ ಮುಗಿಸಿದ್ದ, ಓಡಾಡಲು ಜೀಪಿತ್ತು. ಉಪ್ಪಿಟ್ಟು, ಚಹಾ ಆದ ಮೇಲೆ ಅವನೇ, "ಸಂಡೂರು ಗುಡ್ಡದಾಗ ಗಂಡಿಗಳು ಭಾಳ ಚಂದ ಅದಾವಂತ. ಒಂದಿನ ಎಲ್ಲಾರೂ ಹೋಗಿ ಬರೂಣಲ್ರಿ" ಅಂದ. ಹುಡುಗಿಯ ಜೊತೆ ನಾಲ್ಕು ಮಾತಾಡಲು ಅದು ನೆಪ ಎಂದು ಎಲ್ಲರಿಗೂ ಗೊತ್ತಾಯಿತು. ಹೊಸ ಕಾಲದ ಅಳಿಯ ಸಿಕ್ಕ ಎಂದು ಅಪ್ಪ ಒಳಗೊಳಗೇ ಹಿಗ್ಗಿದ.

ಹಳ್ಳ ಬೆಟ್ಟವನ್ನು ಸೀಳಿಕೊಂಡು ಹೋದ ಇಕ್ಕಟ್ಟಿಗೆ ನಮ್ಮ ಕಡೆ ಗಂಡಿ ಅನ್ನುತ್ತಾರೆ. ಅಕ್ಕನಿಗೆ ಅವು ಮನೆಯ ಹಿತ್ತಲಿದ್ದ ಹಾಗೆ. ನಮ್ಮ ಸೋದರಮಾವ ಸಂಡೂರಿನಲ್ಲಿ ಫಾರೆಸ್ಟ್ ಗಾರ್ಡ್. ಅಕ್ಕ ಹೈಸ್ಕೂಲು ಓದಿದ್ದು ಅವನ ಮನೆಯಲ್ಲಿದ್ದುಕೊಂಡು. ರಜೆ ಬಂದರೆ ಅವನ ಹಿಂದೆ ಗುಡ್ಡ ತಿರುಗುವುದೇ ಅವಳ ಕೆಲಸ. ದೊಡ್ಡ ಗಂಡಿಯಲ್ಲಿ ಹೊಕ್ಕು, ಎಡಕ್ಕೆ ಒಂದು ಕೊರಕಲು ಹತ್ತಿ, ಮೇಲಿನ ಹುಲ್ಲುಬಯಲು ದಾಟಿ, ಇನ್ನೊಂದು ಕೊರಕಲಿನಲ್ಲಿ ಇಳಿದರೆ ಹೊರಟ ಜಾಗಕ್ಕೇ ತಿರುಗಿ ಬರಬಹುದು. ಆ ಸುತ್ತನ್ನು ಅವಳು ಎಷ್ಟೋ ಸಲ ಹಾಕಿದ್ದಳು.

ನಾವು ಹೋದದ್ದು ಮಳೆ ಮುಗಿದ ಹೊಸದರಲ್ಲಿ. ಹುಡುಗ, ಅವನ ತಾಯಿ, ನಮ್ಮ ಸೋದರಮಾವ, ಅಕ್ಕ, ನಾನು. ಗಂಡಿಯ ಒಳಗೆ ಎರಡೂ ಕಡೆ ಕೆಂಪು ಬಂಡೆ ಗೋಡೆಯಂತೆ ಎದ್ದಿತ್ತು, ಎತ್ತರದಲ್ಲಿ ಹೆಜ್ಜೇನಿನ ಹುಟ್ಟುಗಳು ಕಪ್ಪಗೆ ಜೋತಿದ್ದವು. ಹಳ್ಳದ ನೀರು ಕಾಲಿಗೆ ತಣ್ಣಗೆ ಕಚ್ಚುತ್ತಿತ್ತು. ಅಕ್ಕ ಸೀರೆ ಎತ್ತಿ ಕಟ್ಟಿ ಮುಂದೆ ನಡೆದಳು. ಹುಡುಗ ಅವಳ ಬೆನ್ನಿಗೇ ಇದ್ದ, ಅದೂ ಇದೂ ಕೇಳುತ್ತಿದ್ದ, ಅವಳು ತಿರುಗಿ ತಿರುಗಿ ಉತ್ತರ ಹೇಳುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ. ನಾನು ಹಿಂದೆ ಬುತ್ತಿಗಂಟು ಹೊತ್ತು, ಅವನ ತಾಯಿಯ ಕೈ ಹಿಡಿದು ಬರುತ್ತಿದ್ದೆ.

ಮೇಲಿನ ಬಯಲಿನಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಗಾಳಿ ಬೀಸಿದರೆ ಇಡೀ ಗುಡ್ಡವೇ ಹೊರಳಿದಂತಾಗುತ್ತಿತ್ತು. ಅಲ್ಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಇಳಿಯುವಾಗ ಅಕ್ಕ ಬಳಸುದಾರಿ ಹಿಡಿದಳು. ಹುಡುಗನಿಗೆ ನೇರವಾಗಿ ಕೆಳಗೆ ಹೋಗುವ ಒಂದು ಸೀಳು ಕಂಡಿತು.

"ಅಲ್ಲಿ ಇಳಿಬ್ಯಾಡ್ರಿ, ಪಾಚಿ ಐತಿ" ಅಂದಳು ಅಕ್ಕ.

"ನಾ ಏನ್ ಸಣ್ಣ ಹುಡುಗನೇನ್ರಿ" ಎಂದು ನಗುತ್ತಾ ಇಳಿದೇಬಿಟ್ಟ.

ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿತು. ಅವನು ಕರೆದದ್ದು ತಾಯಿಯನ್ನು. ಬಗ್ಗಿ ನೋಡಿದರೆ ಒಂದು ಸಣ್ಣ ಚಾಚಿನ ಮೇಲೆ ನಿಂತು ಬಂಡೆಯನ್ನು ಅಪ್ಪಿಕೊಂಡಿದ್ದಾನೆ, ಹತ್ತಲಾರ, ಇಳಿಯಲಾರ. ಕೆಳಗೆ ಬರೀ ಕಲ್ಲು. ಮಾವ ಮುಂದೆ ಹೋಗಿಬಿಟ್ಟಿದ್ದ, ಕೂಗಿದರೆ ಕೇಳದಷ್ಟು ದೂರ. ತಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದು ದೇವರ ಹೆಸರು ಹೇಳತೊಡಗಿದಳು. ಅಕ್ಕ ಚಪ್ಪಲಿ ಬಿಟ್ಟು, ಪಕ್ಕದ ಬೇರುಗಳನ್ನು ಹಿಡಿದು ಇಳಿದಳು. ಅವನ ಮಗ್ಗುಲಿಗೆ ಹೋಗಿ ಒಂದು ಕೈಯಿಂದ ಅವನ ರಟ್ಟೆ ಹಿಡಿದಳು.

"ಕೆಳಗ ನೋಡಬ್ಯಾಡ್ರಿ. ಬಲಗಾಲು ನನ್ನ ಕಾಲಿನ ಬಾಜುಕ ಇಡ್ರಿ. ಹಂಗ. ಈಗ ಎಡಗಾಲು."

ಅವನು ಅಳುತ್ತಿದ್ದ. ದೊಡ್ಡವರು ಅಳುವ ಹಾಗಲ್ಲ, ಮೂಗು ಸೋರಿಸಿಕೊಂಡು. ಅದನ್ನು ಅವನ ತಾಯಿ ನೋಡಿದಳು, ನಾನು ನೋಡಿದೆ. ಮೇಲೆ ಬಂದ ಮೇಲೆ ಅವನು ಅಕ್ಕನ ಮುಖ ನೋಡಲಿಲ್ಲ. ಅಕ್ಕನ ಅಂಗೈ ತರಚಿ ರಕ್ತ ಬರುತ್ತಿತ್ತು. ಸೆರಗು ಸುತ್ತಿಕೊಂಡು ನಡೆದಳು.

ವಾರ ಕಳೆಯುವುದರೊಳಗೆ ಕಂಪ್ಲಿಯಿಂದ ಮಾತು ಬಂತು. "ದೊಡ್ಡಾಕಿ ಭಾಳ ಚುರುಕು ಅದಾಳ, ನಮ್ಮ ಮನಿಗೆ ಹೊಂದೂದಿಲ್ಲ. ಸಣ್ಣಾಕಿ ನಡಿ-ನುಡಿ ಚಲೋ ಐತಿ. ಆಕಿನ್ನ ಕೊಡ್ರಿ." ಅಪ್ಪ ಮರುದಿನ ಬೆಳಿಗ್ಗೆ ಒಪ್ಪಿಕೊಂಡ. ಬಾಗಿಲಿಗೆ ಬಂದ ಅಂಥ ಮನೆತನವನ್ನು ಹಿಂದಕ್ಕೆ ಕಳಿಸುವ ಛಾತಿ ಅವನಿಗಿರಲಿಲ್ಲ. ಅಕ್ಕ ಒಂದೇ ಮಾತು ಅಂದಳು: "ಆಕಿನ್ನರ ಒಮ್ಮೆ ಕೇಳ್ರಿ." ಯಾರೂ ಕೇಳಲಿಲ್ಲ. ಅಕ್ಕ ನನ್ನ ಮದುವೆಯಲ್ಲಿ ಓಡಾಡಿ ಬಡಿಸಿದಳು. ಬಂದವರೆಲ್ಲ ದೊಡ್ಡವಳಿಗೆ ಏನು ಐಬಿದೆ ಎಂದು ಅವಳನ್ನೇ ನೋಡುತ್ತಿದ್ದರು. ಆಮೇಲೆ ಅವಳು ಟೀಚರ್ ಟ್ರೇನಿಂಗ್ ಮಾಡಿ ಗಾದಿಗನೂರಿನ ಶಾಲೆಗೆ ಸೇರಿದಳು. ಅವಳಿಗೆ ಬಂದ ಗಂಡುಗಳನ್ನೆಲ್ಲ ಆ ಐಬಿನ ಸುದ್ದಿಯೇ ಹಿಂದಕ್ಕೆ ಕಳಿಸಿತು.

ಇಷ್ಟೇ ಆಗಿದ್ದರೆ ಇದನ್ನು ಹಣೆಬರಹವೆಂದು ನುಂಗುತ್ತಿದ್ದೆನೇನೋ. ಮಗಳು ಹುಟ್ಟಿದ ವರ್ಷ, ಗಿರಣಿಗೆ ಬಂದ ವ್ಯಾಪಾರಸ್ಥರ ಮುಂದೆ ನನ್ನ ಗಂಡ ಸಂಡೂರಿನ ಗಂಡಿಯ ಕಥೆ ಹೇಳುವುದು ಕಿವಿಗೆ ಬಿತ್ತು. ಆ ಕಥೆಯಲ್ಲಿ ಪಾಚಿಯ ಮೇಲೆ ಜಾರಿದವಳು ಅಕ್ಕ. "ಈಕಿ ಅಕ್ಕ ಅಳಾಕ ಹತ್ತಿದ್ಲು ನೋಡ್ರಿ. ನಾನ ಇಳಿದು ಕೈ ಹಿಡಿದು ಮ್ಯಾಲೆ ತಂದೆ." ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವನು ನನ್ನ ಕಡೆ ನೋಡಿ ನಕ್ಕ. ನನ್ನಿಂದ ಏನನ್ನೂ ಮುಚ್ಚಿಡಬೇಕೆಂದು ಅವನಿಗೆ ಅನಿಸಿಯೇ ಇರಲಿಲ್ಲ. ಮುಂದೆ ಹಬ್ಬಕ್ಕೆ, ಹಂಪಿ ತೋರಿಸಲು ಕರೆದೊಯ್ದ ನೆಂಟರಿಗೆ, ಎಲ್ಲರಿಗೂ ಅದೇ ಕಥೆ. ಅತ್ತೆ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದಳು.

ಒಮ್ಮೆ ಅಕ್ಕ ಪಡಸಾಲೆಯಲ್ಲಿದ್ದಾಗಲೇ ಹೇಳಿದ. ಅವಳು ಕೊನೆಯವರೆಗೆ ಕೇಳಿ, "ಆಮ್ಯಾಲೆ ಏನಾತ್ರಿ?" ಅಂದಳು.

"ಆಮ್ಯಾಲೇನು, ಎಲ್ಲಾ ಸುಸೂತ್ರ ಮನಿಗೆ ಬಂದಿವಲ್ಲ" ಅಂದ ಅವನು.

ಅಕ್ಕ ಮಧ್ಯಾಹ್ನದ ಬಸ್ಸಿಗೇ ಹೊರಟಳು. ಆಮೇಲೆ ನಮ್ಮ ಮನೆಗೆ ಬರಲಿಲ್ಲ.

ಮಗಳ ನಿಶ್ಚಯಕ್ಕೆ ಬೀಗರು ಬಂದಾಗ ಅವನು ಮತ್ತೆ ಶುರುಮಾಡಿದ. ನಾನು ಹೋಳಿಗೆ ಬಡಿಸುತ್ತಿದ್ದವಳು ನಿಂತು, "ಜಾರಿದವರು ನೀವು. ಇಳಿದು ತಂದಾಕಿ ನಮ್ಮಕ್ಕ" ಅಂದೆ. ಪಂಕ್ತಿಯಲ್ಲಿ ಎಲ್ಲರ ಕೈ ನಿಂತಿತು. ಅತ್ತೆ ತಡಮಾಡಲಿಲ್ಲ: "ನೀ ಆವತ್ತು ಹಿಂದ ಇದ್ದಿ. ನಿನಗೇನ್ ಕಾಣತಿತ್ತು?" ಆವತ್ತು ಅತ್ತೆಯ ಕೈ ಹಿಡಿದುಕೊಂಡೇ ನಿಂತು ನೋಡಿದ್ದೆ ನಾನು. ಮಗಳು ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಯವ್ವಾ, ಇವತ್ತರ ಅಪ್ಪನ ಮರ್ಯಾದಿ ತೆಗಿಬ್ಯಾಡ" ಅಂದಳು. ಹೊರಗೆ ಅವನು ನಗುತ್ತಿದ್ದ, ಬೀಗರೂ ನಕ್ಕರು.

ಮದುವೆ ಮುಗಿದ ಮೇಲೆ ಗಾದಿಗನೂರಿಗೆ ಹೋಗಿ, ಬೀಗರ ಮುಂದೆ ನಿಜ ಹೇಳಿದೆ ಎಂದು ಅಕ್ಕನಿಗೆ ತಿಳಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಅವರು ನಂಬಿದ್ರೇನು?"

"ಇಲ್ಲ."

"ಮತ್ತ ಸುಮ್ನ ಯಾಕ ಅನ್ನಿಸಿಕೊಂಡಿ" ಎಂದಳು. ಅಷ್ಟರಲ್ಲಿ ಕಿಟಕಿಯಾಚೆ ಅದಿರಿನ ಲಾರಿ ಹೋಯಿತು. ಅವಳು ಎದ್ದು ಧೂಳು ಬಾರದಂತೆ ಕದ ಮುಂದೆ ಮಾಡಿದಳು. ಊಟಕ್ಕೆ ಇರು ಅಂದಳು. ಇದ್ದೆ. ಇಬ್ಬರೂ ಉಂಡೆವು, ಮಗಳ ಮದುವೆಗೆ ಬಂದವರ ಸೀರೆಗಳ ಬಗ್ಗೆ ಮಾತಾಡಿದೆವು. ಕಂಪ್ಲಿಗೆ ಬಾ ಎಂದು ನಾನು ಕರೆಯಲಿಲ್ಲ.